ಎರಡನೇ ತಂತಿ

ಮದಲೂರು ಕೆರೆಯ ಆಚೆಗಿದ್ದ ನಮ್ಮ ಹಟ್ಟಿಗೆ ಕರೆಂಟು ಬಂದದ್ದು ಎಪ್ಪತ್ತರ ದಶಕದಲ್ಲಿ, ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ನಮ್ಮ ಮನೆಗಿದ್ದದ್ದು ಒಂದೇ ಬಲ್ಬು. ಅದನ್ನು ಸಾಕುವ ಕೆಲಸ ಅಜ್ಜಿಯದು. ಸಾಕುವುದು ಅಂತಲೇ ಹೇಳಬೇಕು. ವೈರಿಂಗಿನವನು ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ಸುರಿದು, ಒಂದು ಕಬ್ಬಿಣದ ಪೈಪು ಹೂತು, "ಇದು ಅರ್ತು ಕಣಜ್ಜಿ, ಶಾಕ್ ಹೊಡೀದಂಗೆ ಕಾಯ್ತೈತೆ, ಒಣಗದಂಗೆ ನೋಡ್ಕೊ" ಅಂದು ಹೋಗಿದ್ದ. ಅಂದಿನಿಂದ ಸಂಜೆ ಬಲ್ಬು ಹಾಕಿದ ಕೂಡಲೇ ಅಜ್ಜಿ ಅಲ್ಲಿಗೆ ಒಂದು ಚೊಂಬು ನೀರು ಹುಯ್ಯುವಳು. ಪೈಪಿನ ತಲೆಗೆ ಕುಂಕುಮ ಇಟ್ಟು, ಮುಟ್ಟಿ, ಕಣ್ಣಿಗೊತ್ತಿಕೊಳ್ಳುವಳು.

ನನ್ನ ಎಸ್ಸೆಸ್ಸೆಲ್ಸಿ ವರ್ಷ, ಮುಂಗಾರಿನ ಗಾಳಿಗೆ, ಕಂಬದಿಂದ ನಮ್ಮ ಮನೆಗೆ ಬರುತ್ತಿದ್ದ ಎರಡು ತಂತಿಗಳಲ್ಲಿ ಒಂದು ಕಿತ್ತು ಬಿತ್ತು. ಯಾರೋ ಅದನ್ನು ಸುತ್ತಿ ಕಂಬಕ್ಕೇ ಕಟ್ಟಿದರು. ಆದರೂ ಬಲ್ಬು ಮಂಕಾಗಿ ಉರಿಯುತ್ತಲೇ ಇತ್ತು. ಉರಿಯುವಾಗ ಲೈನ್‌ಮನ್‌ಗೆ ಯಾರು ಹೇಳಿ ಕಳಿಸುತ್ತಾರೆ? ಅಜ್ಜಿ ನೀರು ಹುಯ್ದರೆ ಮಾತ್ರ ಅದು ಬೆಳ್ಳಗಾಗುತ್ತಿತ್ತು.

"ಬಲ್ಬೇನು ಬದನೆ ಗಿಡವೇನಜ್ಜಿ?" ಅಂತ ನಾನು ಆಡಿಕೊಂಡೆ.

"ಭೂಮ್ತಾಯಿ ಕಣಮ್ಮಿ. ನೀರು ಕೊಟ್ರೆ ಬೆಳಕು ಕೊಡ್ತಾಳೆ. ಮುಟ್ಟಿದ್ರೆ ಮೈಯೆಲ್ಲ ಜುಮ್ ಅಂತೈತೆ. ಬ್ಯಾಸಿಗೆ ಬಂದಂಗೆಲ್ಲ ಇನ್ನೂ ಜೋರು."

ಆ ಬೇಸಿಗೆಯ ಒಂದು ಸಂಜೆ, ಸ್ಪೆಷಲ್ ಕ್ಲಾಸಿನಲ್ಲಿ, ಮೇಷ್ಟ್ರು ಮೇಜಿನ ಮೇಲೆ ಒಂದು ಬ್ಯಾಟರಿ ಸೆಲ್ಲು, ಪುಟ್ಟ ಬಲ್ಬು, ಎರಡು ತಂತಿ ಇಟ್ಟರು. ಒಂದು ತಂತಿ ಬಿಡಿಸಿದರೆ ಬಲ್ಬು ಆರಿತು, ತಾಗಿಸಿದರೆ ಹೊತ್ತಿತು. "ಹೋದ ಕರೆಂಟು ತಿರುಗಿ ಬರೋಕೆ ದಾರಿ ಬೇಕು. ದಾರಿ ತುಂಡಾದ್ರೆ ಎಲ್ಲಾ ನಿಂತುಹೋಗುತ್ತೆ" ಅಂದರು.

ನನಗೆ ತಲೆಹರಟೆ ಜಾಸ್ತಿ. ಎದ್ದು ನಿಂತೆ. "ಸುಳ್ಳು ಸಾರ್. ನಮ್ಮನೇಗೆ ಒಂದೇ ತಂತಿ. ಅರ್ತಿಗೆ ನಮ್ಮಜ್ಜಿ ನೀರು ಹುಯ್ದ್ರೆ ಇನ್ನೂ ಚೆನ್ನಾಗಿ ಉರೀತೈತೆ."

ಕ್ಲಾಸೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ. "ಅಜ್ಜಿ ಪೈಪು ಮುಟ್ತಾರಾ?" ಅಂತ ಕೇಳಿದರು. ಜುಮ್ ಅನ್ನುವುದನ್ನೂ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ನಿಮ್ಮ ಎರಡನೇ ತಂತಿ ನೆಲ ಕಣಮ್ಮ. ವೈರಿಂಗಿನವನು ಬಲ್ಬಿನ ವಾಪಸ್ ತಂತೀನ ಅರ್ತಿಗೂ ಸೇರಿಸಿದಾನೆ. ಕರೆಂಟು ಆ ಪೈಪಿಂದ ಮಣ್ಣಿಗಿಳಿದು ವಾಪಸ್ ಹೋಗ್ತಿದೆ. ಮಣ್ಣು ಒಣಗಿದಷ್ಟೂ ಆ ದಾರಿ ಇಕ್ಕಟ್ಟಾಗುತ್ತೆ, ಪೈಪು ಮುಟ್ಟಿದವರಿಗೆ ಹೊಡೆತ ಜೋರಾಗುತ್ತೆ. ಓಡು. ಮೊದಲು ಸ್ವಿಚ್ ಆರಿಸು."

ಓಡಿದೆ. ಹೊತ್ತು ಮುಳುಗುತ್ತಿತ್ತು. ಕೆರೆ ಏರಿಯ ಮೇಲೆ ಓಡುವಾಗ ಕಾಲ ಕೆಳಗಿನ ಮಣ್ಣಿಗೆ ಮೊದಲ ಸಲ ಹೆದರಿದೆ. ಹೆದರಿಕೆಗಿಂತ ಬೆರಗೇ ಹೆಚ್ಚು. ನಾವು ಕಡ್ಲೆಕಾಯಿ ಕೀಳುವ, ಕುರಿ ಮೇಯಿಸುವ ಈ ಕೆಂಪು ನೆಲ ಇಷ್ಟು ತಿಂಗಳು ಸದ್ದಿಲ್ಲದೆ ತಂತಿಯ ಕೆಲಸ ಮಾಡುತ್ತಿತ್ತು! ಅಜ್ಜಿ ಹೇಳಿದ್ದು ನಿಜ. ಆ ನಿಜವೇ ಅವಳನ್ನು ಕೊಲ್ಲುವುದರಲ್ಲಿತ್ತು.

ಬಲ್ಬು ಉರಿಯುತ್ತಿತ್ತು. ಹಿತ್ತಲಲ್ಲಿ ಅಜ್ಜಿ ಚೊಂಬು ಹಿಡಿದು ಬಗ್ಗಿದ್ದಳು. ಕೂಗಲು ಉಸಿರಿರಲಿಲ್ಲ. ನೇರ ಒಳಗೆ ನುಗ್ಗಿ ಸ್ವಿಚ್ ಆರಿಸಿದೆ.

"ದೀಪ ಹಚ್ಚೋ ಹೊತ್ನಾಗೆ ಆರಿಸ್ತೀಯೇನೇ ಮುಂಡೇದೇ!" ಅಂತ ಬೈಗುಳ ಕೇಳಿಸಿತು. ಅಷ್ಟು ಸಿಹಿಯಾದ ಬೈಗುಳ ನಾನು ಮತ್ತೆ ಕೇಳಿಲ್ಲ. ಓಡಿಹೋಗಿ ತಬ್ಬಿಕೊಂಡು ಅತ್ತುಬಿಟ್ಟೆ.

ಮೂರನೇ ದಿನ ಲೈನ್‌ಮನ್ ಬಂದು ತಂತಿ ಸೇರಿಸಿದ. ಟೆಸ್ಟರನ್ನು ಪೈಪಿಗೆ ಒತ್ತಿ, "ಇನ್ನೇನೂ ಇಲ್ಲ, ಮುಟ್ಟಬೌದು" ಅಂದ. ಅಂದು ಸಂಜೆ ಬಲ್ಬು ತಾನಾಗಿಯೇ ಬೆಳ್ಳಗೆ ಉರಿಯಿತು. ಅಜ್ಜಿ ಎಂದಿನಂತೆ ನೀರು ಹುಯ್ದು ತಿರುಗಿ ನೋಡಿದಳು. ಬೆಳಕು ಹೆಚ್ಚಲಿಲ್ಲ. ಪೈಪಿನ ಮೇಲೆ ಕೈಯಿಟ್ಟು ಜುಮ್ ಅನ್ನಲೆಂದು ಕಾದಳು, ತೆಗೆಯಲೇ ಇಲ್ಲ.

"ತಾಯಿ ಹೋಗ್ಬುಟ್ಲು ಕಣಮ್ಮಿ" ಅಂದಳು.

ತಂತಿ, ದಾರಿ ಎಲ್ಲವನ್ನೂ ಬಿಡಿಸಿ ಹೇಳಬಹುದಿತ್ತು. ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ. ಪೈಪು ಬರೀ ಕಬ್ಬಿಣವಾಗಿತ್ತು, ಅಜ್ಜಿಯ ಕೈ ಬೆಚ್ಚಗಿತ್ತು.