ಕಣ್ಣಿಗೊತ್ತಿಕೊಂಡ ಪಿಸ್ತೂಲು

ಮೂವತ್ತೆರಡು ವರ್ಷದವನ, ಬಿ.ಕಾಂ. ಪಾಸಾದವನ, ಮೂಡುಬಿದಿರೆ ಪೇಟೆಯಲ್ಲಿ ‘ಲೆಕ್ಕದವರು’ ಎಂದು ಮರ್ಯಾದೆಯಿಂದ ಕರೆಸಿಕೊಳ್ಳುತ್ತಿದ್ದವನ ಬೆರಳಿಗೆ ಕುವೈತಿನ ಮರಳಿನಲ್ಲಿ ಅಡಿಕೋಲಿನ ಏಟು ಬಿತ್ತು. ಸಣ್ಣ ಏಟಲ್ಲ, ಉಗುರು ಕಪ್ಪಾಯಿತು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾಡಿದ್ದಾದರೂ ಏನು? ಮೊದಲ ಸಲ ಕೈಗೆ ಬಂದ ಪಿಸ್ತೂಲನ್ನು ಕಣ್ಣಿಗೊತ್ತಿಕೊಂಡಿದ್ದೆ, ಅಷ್ಟೆ.

ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ಹೊಸ ಕತ್ತಿ, ಹೊಸ ಪೆನ್ನು, ಹೊಸ ಸ್ಕೂಟರಿನ ಕೀಲಿ, ಏನೇ ಬರಲಿ, ಕಣ್ಣಿಗೊತ್ತಿಕೊಳ್ಳದೆ ನಾವು ಬಳಸುವುದುಂಟೇ? ಪಿಸ್ತೂಲಿಗೆ ಒಂದು ಬಾಯಿ ಇರುತ್ತದೆ, ಅದು ಆಗ ನನ್ನ ಹಣೆಯನ್ನೇ ನೋಡುತ್ತಿದೆ ಎನ್ನುವುದು ನನಗೆ ಹೊಳೆಯಲಿಲ್ಲ.

“ಮಜ್ನೂನ್!” ಎಂದು ಕಿರುಚಿದವರು ಅಬು ಸಮೀರ್. ಹುಚ್ಚ ಎಂದು ಅರ್ಥ. ಪ್ಯಾಲೆಸ್ತೀನಿನವರು, ನಾನು ಸೇರಿದ ಶೂಟಿಂಗ್ ಕ್ಲಬ್ಬಿನ ಉಸ್ತಾದ್, ಅಂದರೆ ಕಲಿಸುವ ಗುರು. “ನಿನ್ನ ದೇವರಿಗೆ ಕೈ ಮುಗಿ. ಇದು ಯಾರ ದೇವರೂ ಅಲ್ಲ.”

ಆ ಕ್ಲಬ್ಬು ಇದ್ದದ್ದು ವಫ್ರಾಕ್ಕೆ ಹೋಗುವ ದಾರಿಯ ಬಯಲಿನಲ್ಲಿ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವನು ನನ್ನ ಕಫೀಲ್, ಅಂದರೆ ನನ್ನ ವೀಸಾ, ಪಾಸ್‌ಪೋರ್ಟ್ ಮತ್ತು ಶುಕ್ರವಾರದ ರಜೆ ಮೂರಕ್ಕೂ ಒಡೆಯ. ಸೊಂಟದ ಒರೆಯಿಂದ ಪಿಸ್ತೂಲು ಸೆಳೆದು, ಗೋಡೆ, ಬಾಗಿಲು, ಡ್ರಮ್ಮುಗಳ ನಡುವೆ ಓಡುತ್ತಾ ರಟ್ಟಿನ ಮನುಷ್ಯರಿಗೆ ಗುಂಡು ಹಾಕುವ ಸ್ಪರ್ಧೆ. ಬಿದ್ದ ಅಂಕವನ್ನು ತಗಲಿದ ಸಮಯದಿಂದ ಭಾಗಿಸಬೇಕು. ಭಾಗಾಕಾರ ಮಾಡುವವನು ಬೇಕಿತ್ತು, ನಾನು ಸಿಕ್ಕಿದೆ. ಒಂದು ದಿನ ತಂಡಕ್ಕೆ ಒಬ್ಬ ಕಡಿಮೆ ಬಿದ್ದಾಗ “ಯಲ್ಲಾ, ನೀನೂ ನಿಲ್ಲು” ಎಂದ ಕಫೀಲ್. ನನ್ನ ಹೊಸ ಆಟ ಶುರುವಾದದ್ದು ಹಾಗೆ.

ಊರಿನಲ್ಲಿ ಕೋವಿ ಎಂದರೆ ಹಂದಿ ಓಡಿಸುವುದಕ್ಕೆ. ಚುನಾವಣೆ ಬಂದರೆ ಅದನ್ನೂ ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಇಲ್ಲಿ ಕೋವಿ ಎಂದರೆ ಶುಕ್ರವಾರದ ಮೋಜು, ನಡುನಡುವೆ ಏಲಕ್ಕಿ ಹಾಕಿದ ಕಹಿ ಕಾಫಿ. ಆದರೆ ಅಬು ಸಮೀರರಿಗೆ ಅದು ಮೋಜಾಗಿರಲಿಲ್ಲ. ಓಡುವಾಗ ಬೆರಳು ಟ್ರಿಗರಿನ ಹೊರಗೆ ನೆಟ್ಟಗಿರಬೇಕು. ಸ್ವಲ್ಪ ಒಳಗೆ ಹೋದರೂ “ಇಸ್ಬಾಕ್!” ಎಂದು ಗರ್ಜನೆ, ನಿನ್ನ ಬೆರಳು ಎಂದು ಅರ್ಥ, ಜೊತೆಗೇ ಅಡಿಕೋಲು. ಶೇಖ್ ಆಗಲಿ, ಗುಮಾಸ್ತ ಆಗಲಿ, ಏಟು ಒಂದೇ.

ಅತಿ ಹೆಚ್ಚು ಏಟು ತಿಂದವನು ಬದರ್, ಕಫೀಲನ ಅಕ್ಕನ ಮಗ. ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ಅಳಿಯಕಟ್ಟಿನ ಮನೆಯಲ್ಲಿ ಬೆಳೆದ ನನಗೆ ಅಳಿಯಂದಿರ ದರ್ಪ ಹೊಸತೇನಲ್ಲ. ಆದರೆ ಇವನದು ವಿಷ. ಪ್ರತಿ ವಾರ ನನ್ನ ಮುಂದೆ ಬಂದು, ಪಿಸ್ತೂಲನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ ನಟಿಸಿ, “ಹಿಂದೀ, ಪೂಜೆ ಆಯಿತಾ?” ಎಂದು ಹಲ್ಲು ಕಿರಿಯುತ್ತಿದ್ದ. ಹಿಂದಿ ಎಂದರೆ ಅಲ್ಲಿ ಇಂಡಿಯಾದವನು. ಬೇಸಿಗೆಗೆ ಮುಂಚಿನ ಕೊನೆಯ ಸ್ಪರ್ಧೆಯಲ್ಲಿ ನಾನು ಅವನನ್ನು ಸೋಲಿಸಿದೆ. ಭಾಗಾಕಾರ ನಾನೇ ಮಾಡಿದ್ದು ಎಂದು ಅವನು ಕೂಗಾಡಿದ. ಅಬು ಸಮೀರ್ ಮತ್ತೆ ಲೆಕ್ಕ ಹಾಕಿ, ಎಲ್ಲರೆದುರು, “ಹಿಂದಿ ಗೆದ್ದ. ನೀನು ಮೊದಲು ಬೆರಳು ಕಲಿ” ಎಂದರು. ಖೈತಾನ್ ಬಡಾವಣೆಯ ನನ್ನ ಬಾಡಿಗೆ ಕೋಣೆಗೆ ಹಾರುತ್ತಲೇ ಬಂದೆ. ಕೋಣೆಯ ಜೊತೆಗಾರ, ಹೋಟೆಲಿನ ಕ್ಯಾಶಿಯರ್ ಲಾರೆನ್ಸ್, ಮೀನು ಹುರಿಯುತ್ತಾ, “ನಿಂಗೆ ಎಂತ ಮರ್ಲಾ ಮಾರಾಯ? ದೊಡ್ಡವರ ಮಕ್ಕಳನ್ನು ಗೆಲ್ಲುದಾ? ಸೋತು ಬಾ, ಸುಖ ಉಂಟು” ಎಂದ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಲಾರೆನ್ಸ್ ಸಹಿತ ಊರವರೆಲ್ಲ ವಿಮಾನ ಹತ್ತಲು ಜೋರ್ಡಾನಿನ ಅಮ್ಮಾನ್ ದಾರಿ ಹಿಡಿದರು. ನನ್ನ ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಅವನ ಜೊತೆ ರಜೆಗೆ ಲಂಡನ್ನಿಗೆ ಹೋಗಿತ್ತು. ಕಾಗದವಿಲ್ಲದೆ ಗಡಿಗೆ ಹೋಗಲು ಹೆದರಿ ಉಳಿದೆ. ಕೆಳಗಿನ ಮನೆಯಲ್ಲೇ ಅಬು ಸಮೀರ್ ಇದ್ದರು. ಅವರು ಸಾಲಿನಲ್ಲಿ ನಿಂತು ತಂದ ಖುಬೂಸ್ ರೊಟ್ಟಿಯಲ್ಲಿ ಅರ್ಧ ಅವರ ಹೆಂಡತಿಗೆ, ಅರ್ಧ ನನಗೆ. ಆ ಚಳಿಗಾಲ ನಾನು ಬದುಕಿದ್ದು ಆ ರೊಟ್ಟಿಯಿಂದ.

ಇರಾಕಿನವರು ಓಡಿ ಕುವೈತಿಗೆ ಬಿಡುಗಡೆ ಬಂತು. ಎಣ್ಣೆಬಾವಿಗಳ ಹೊಗೆಗೆ ನಡುಮಧ್ಯಾಹ್ನವೂ ಕಾರುಗಳು ದೀಪ ಹಚ್ಚಿ ಓಡುತ್ತಿದ್ದವು. ರಸ್ತೆ ರಸ್ತೆಗೆ ಬಂದೂಕು ಹಿಡಿದ ಕುವೈತಿ ಹುಡುಗರು. ಇರಾಕಿನ ಪರ ಇದ್ದರೆಂದು ಪ್ಯಾಲೆಸ್ತೀನಿಯರನ್ನು ಹುಡುಕಿ ಹಿಡಿಯುತ್ತಿದ್ದ ಕಾಲ. ಅಬು ಸಮೀರರ ಕಾರಿನಲ್ಲಿ ರೊಟ್ಟಿ ತರುತ್ತಿದ್ದೆವು. ತಡೆದವನು ಬದರ್.

ನನ್ನನ್ನು ಇಳಿಸಿ ಮಂಡಿಯೂರಿಸಿದ. ಗೆಳೆಯರ ಕಡೆ ತಿರುಗಿ, “ನೋಡಿ, ಇವನು ಬಂದೂಕಿಗೆ ಪೂಜೆ ಮಾಡುತ್ತಾನೆ” ಎಂದು ಬಂದೂಕಿನ ಬಾಯಿಯನ್ನು ನನ್ನ ಹುಬ್ಬುಗಳ ನಡುವೆ ಇಟ್ಟ. “ಮಾಡು.”

ಮಾಡಿದೆ. ಮಾಡದೆ ಏನು ಸಾಯಲಿ? ತಣ್ಣನೆಯ ಕಬ್ಬಿಣಕ್ಕೆ ಒಂದು ಕಣ್ಣು ಒತ್ತಿ, ಇನ್ನೊಂದು ಒತ್ತುವಾಗ ಕಂಡಿತು, ಅವನ ಬೆರಳು ಟ್ರಿಗರಿನ ಮೇಲಿತ್ತು. ನಗುವಿಗೆ ಅದು ಅಲುಗುತ್ತಿತ್ತು.

“ಇಸ್ಬಾಕ್!”

ಕಾರಿನೊಳಗಿಂದ ಅಬು ಸಮೀರ್ ಗರ್ಜಿಸಿದರು. ಬದರ್‌ನ ಬೆರಳು ತಾನಾಗಿ ಚಂಗನೆ ಹೊರಗೆ ಬಂದು ನೆಟ್ಟಗಾಯಿತು. ಗೆಳೆಯರು ಗೊಳ್ಳೆಂದು ನಕ್ಕರು, ಈ ಸಲ ಅವನನ್ನು ನೋಡಿ. ಅವನ ಮುಖ ಕೆಂಪೇರಿತು. ಅಬು ಸಮೀರರ ಕಾಲರ್ ಹಿಡಿದು ಹೊರಗೆಳೆದ. “ಬದರ್, ಉಸ್ತಾದ್ ಅಲ್ಲವೇ, ನಿನಗೆ ಕಲಿಸಿದವರಲ್ಲವೇ” ಎಂದು ಎದ್ದು ಕೈ ಹಿಡಿದೆ. ಬಂದೂಕಿನ ಹಿಡಿ ನನ್ನ ಬಾಯಿಗೆ ಬಡಿದು ಮುಂದಿನ ಹಲ್ಲು ಹೋಯಿತು. ಹುಡುಗರು ತಮ್ಮ ಜೀಪಿಗೆ ಹತ್ತಿಸುವಾಗ ಅಬು ಸಮೀರ್ ನನಗೆ ಹೇಳಿದ್ದು ಇಷ್ಟೇ: “ರೊಟ್ಟಿ ಮನೆಗೆ ತಲುಪಿಸು.”

ತಲುಪಿಸಿದೆ. ಅವರು ಬರಲಿಲ್ಲ. ಕೇಳಲು ಹೋದಲ್ಲೆಲ್ಲ “ಖಲಾಸ್, ಹೋಗು” ಎಂದರು. ಬೇಸಿಗೆಯಲ್ಲಿ ಅವರ ಹೆಂಡತಿ ಒಂಟಿಯಾಗಿ ಜೋರ್ಡಾನಿನ ಬಸ್ಸು ಹತ್ತಿದರು. ಕಿಟಕಿಯಿಂದ ಗಂಡನ ಅಡಿಕೋಲನ್ನು ನನ್ನತ್ತ ಚಾಚಿದರು. ನನಗೆ ತೆಗೆದುಕೊಳ್ಳಲಾಗಲಿಲ್ಲ, ಅತ್ತುಬಿಟ್ಟೆ.

ಲಂಡನ್ನಿನಿಂದ ಮರಳಿದ ಕಫೀಲ್ ಪಾಸ್‌ಪೋರ್ಟ್ ಕೊಟ್ಟ ಮೇಲೆ ನವರಾತ್ರಿಗೆ ಊರಿಗೆ ಹೋಗಿದ್ದೆ. ಆಯುಧ ಪೂಜೆಯ ದಿನ ಅಣ್ಣ ಕುಂಕುಮ ಹಚ್ಚಿದ ಕೋವಿ ಕೊಟ್ಟ. ನನ್ನ ಕೈ ಮೇಲೇಳಲಿಲ್ಲ. ಕೋವಿಯ ಬಾಯಿಯನ್ನು ನೆಲಕ್ಕೆ ತಿರುಗಿಸಿ, ಬೆರಳು ನೆಟ್ಟಗಿಟ್ಟು ನಿಂತೇ ಇದ್ದೆ.

“ಎಂತದಾ? ಕಣ್ಣಿಗೊತ್ತಿಕೊಳ್ಳುದಕ್ಕೂ ಆಗುದಿಲ್ವಾ? ಪೂರ ಅರಬ್ಬಿಯೇ ಆದ್ಯಾ ನೀನು?” ಎಂದ ಅಣ್ಣ, ಎಲ್ಲರೆದುರು. ನನ್ನ ರಜೆ ಅಲ್ಲಿಗೇ ಮುಗಿಯಿತು.

ಈಗ ಮತ್ತೆ ಖೈತಾನ್. ಪಾಸ್‌ಪೋರ್ಟ್ ಮತ್ತೆ ಕಪಾಟಿಗೆ ಹೋಗಿದೆ. ಕ್ಲಬ್ಬು ತೆರೆದಿದೆ, ಭಾಗಾಕಾರ ನನ್ನದೇ. ಉಸ್ತಾದ್ ಈಗ ಬದರ್. ಹೊಸಬರಿಗೆ “ಇಸ್ಬಾಕ್!” ಎಂದು ಕಿರುಚುವುದನ್ನು ಕೇಳಬೇಕು ನೀವು, ಥೇಟ್ ಅಬು ಸಮೀರರ ದನಿ. ಕಳೆದ ಶುಕ್ರವಾರ ಗುಂಡು ತುಂಬಿದ ಪಿಸ್ತೂಲನ್ನು ನನ್ನ ಕೈಗಿಟ್ಟು, ಎದುರೇ ನಿಂತು ಕೇಳಿದ, “ಹಿಂದೀ, ಪೂಜೆ ಇಲ್ಲವೇ?”

ಪಿಸ್ತೂಲು ಕಣ್ಣಿಗೆ ಹೋಗಲಿಲ್ಲ, ಅವನ ಎದೆಯ ಕಡೆಗೆ ಹೋಯಿತು. ಅವನ ನಗು ನಿಂತಿತು. ದೇವರಾಣೆ, ಆ ಕ್ಷಣ ಅವನ ಜೀವ ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ. ಆದರೆ ಬೆರಳು ಒಳಗೆ ಹೋಗಲಿಲ್ಲ. ಹೊರಗೇ ನೆಟ್ಟಗೆ ನಿಂತುಬಿಟ್ಟಿತು, ಏಟು ತಿಂದು ಕಲಿತ ಬೆರಳು. ಬದರ್ ಇವತ್ತು ಉಸಿರಾಡುತ್ತಿದ್ದರೆ ಅದು ಅವನೇ ಎಳೆದುಕೊಂಡು ಹೋದ ಮನುಷ್ಯನ ಪುಣ್ಯ.