ಎಂಬತ್ತು ಗ್ಲೌಸ್, ತಲಾ ಒಂದು ಲೀಟರ್ ನೀರು

ಬೆಳಗಿನ ಐದೂವರೆ. ಸರ್ಕಾರಿ ಆಸ್ಪತ್ರೆಯ ಹಿಂಬದಿಯ ಸ್ಟೋರಿನಲ್ಲಿ ಹಗ್ಗಕ್ಕೆ ಸಾಲಾಗಿ ಗ್ಲೌಸುಗಳು ನೇತಾಡುತ್ತಿವೆ. ಒಂದೊಂದರಲ್ಲೂ ಒಂದು ಲೀಟರ್ ನೀರು. ಬೆರಳುಗಳು ಹಸುವಿನ ಕೆಚ್ಚಲಿನಂತೆ ಉಬ್ಬಿವೆ. ಕೆಳಗೆ ಕುಕ್ಕರಗಾಲಲ್ಲಿ ಕೂತ ಸ್ಟೋರ್ ಕೀಪರ್ ರೆಪ್ಪೆ ಬಡಿಯುತ್ತಿಲ್ಲ. ಎರಡು ನಿಮಿಷದೊಳಗೆ ಹನಿ ಬಿದ್ದರೆ ಆ ಗ್ಲೌಸ್ ಫೇಲ್. "ಮಾತಾಡಿಸ್ಬೇಡಿ, ಹನಿ ತಪ್ಪಿಹೋಗುತ್ತೆ" ಎಂದು ವರದಿ ಬರೆಯಲು ಬಂದ ನನಗೇ ಗದರುತ್ತಾರೆ! ಆಸ್ಪತ್ರೆಯವರಿಗೆಲ್ಲ ಇವರು 'ಹನಿಯಕ್ಕ'.

ಹದಿನೆಂಟು ವರ್ಷದ ನೌಕರಿ. ಮೊದಲು ಇವರೂ ಪೆಟ್ಟಿಗೆಯ ಸೀಲು ನೋಡಿ ಸಹಿ ಹಾಕುತ್ತಿದ್ದವರೇ. ಹಾಗೆ ಒಳಗೆ ಬಂದ ತೂತು ಗ್ಲೌಸಿನಿಂದ ಹೆರಿಗೆ ವಾರ್ಡಿನ ನರ್ಸ್, ಇವರದೇ ನಾದಿನಿ, ಕೈಗೆ ಸೋಂಕು ತಗುಲಿಸಿಕೊಂಡರು. "ಮೂರು ತಿಂಗಳು ನಾನೇ ತುತ್ತು ಕೊಟ್ಟೆ. ಒಂದು ಮಾತು ಅನ್ಲಿಲ್ಲ ಅವಳು. ಬೈದಿದ್ರೆ ಎಷ್ಟೋ ವಾಸಿಯಿತ್ತು. ಈ ಗ್ಲೌಸೂ ಅವಳೇ ಹಾಕ್ಕೊಳ್ಳೋದು" ಎನ್ನುತ್ತಾ ಮುಂದಿನ ಗ್ಲೌಸಿಗೆ ನೀರು ಸುರಿಯುತ್ತಾರೆ. ಅಂದಿನಿಂದ ಪ್ರತಿ ಲಾಟಿನಲ್ಲೂ, ಅಂದರೆ ಒಮ್ಮೆಗೆ ಬಂದ ಸರಕಿನಲ್ಲಿ, ಎಂಬತ್ತು ಗ್ಲೌಸಿಗೆ ಈ ಪರೀಕ್ಷೆ. ಐದು ಸೋರುವವರೆಗೆ ಮಾಫಿ, ಆರನೆಯದು ಸೋರಿದರೆ ಇಡೀ ಲಾಟು ವಾಪಸ್.

ಇವತ್ತು ಅದಕ್ಕೊಂದು ಗ್ರಹಚಾರ. ಖರೀದಿಯಲ್ಲಿ ಯಾವ ಆಸ್ಪತ್ರೆ ಶ್ರೇಷ್ಠ ಎಂದು ಅಳೆಯುವ ಇಲಾಖೆಯ ವಾರ್ಷಿಕ ಅಂಕಪಟ್ಟಿ ಸಂಜೆಗೆ ಮುಗಿಯುತ್ತದೆ. ಅಂಕ ಸಿಗುವುದು ಕಡಿಮೆ ಬೆಲೆಗೆ, ಬೇಗ ಮುಗಿದ ಕಡತಕ್ಕೆ. ಈ ಲಾಟು ಪಾಸಾದರೆ ಇವರ ಆಸ್ಪತ್ರೆಯೇ ಮೊದಲು. ಎಪ್ಪತ್ತು ಮುಗಿದಿವೆ, ಐದು ಸೋರಿವೆ. ಇನ್ನೊಂದು ಸೋರಿದರೆ ಮುಗೀತು! ಎಪ್ಪತ್ತಾರು... ಎಪ್ಪತ್ತೆಂಟು... ಎಪ್ಪತ್ತೊಂಬತ್ತನೆಯದರ ಕಿರುಬೆರಳಿನಿಂದ ಟಪ್ಪೆಂದು ಒಂದು ಹನಿ.

ಫೋನು ಹೋದದ್ದೇ ತಡ, ಖರೀದಿ ಅಧಿಕಾರಿ ಏದುಸಿರು ಬಿಡುತ್ತಾ ಬರುತ್ತಾರೆ. "ಏನಮ್ಮಾ, ಒಂದು ಹನಿಗೋಸ್ಕರ ವರ್ಷದ ದುಡಿಮೆ ಮಣ್ಣುಪಾಲು ಮಾಡ್ತೀರಾ?"

"ಒಂಚೂರು ಕೈ ಕೊಡಿ ಸಾರ್."

ಸೋರಿದ ಗ್ಲೌಸಿನ ನೀರು ಚೆಲ್ಲಿ ಅಕ್ಕ ಅದನ್ನು ಅಧಿಕಾರಿಯ ಕೈಗೇ ತೊಡಿಸುತ್ತಾರೆ. ನೀಲಿ ಶಾಯಿ ಬೆರೆಸಿದ ಬೇಸಿನ್ನಿನಲ್ಲಿ ಅದ್ದಿಸಿ, ಕಳಚುತ್ತಾರೆ. ಕಿರುಬೆರಳ ತುದಿ ನೀಲಿ. "ಇದು ರೋಗಿ ರಕ್ತ ಅಂದ್ಕೊಳ್ಳಿ ಸಾರ್. ಹಳೇ ಸ್ಟಾಕ್ ಹದಿನೈದು ದಿನಕ್ಕಿದೆ, ಬೇರೆ ತರಿಸೋಣ."

ಅಧಿಕಾರಿ ಆ ಬೆರಳನ್ನು ಕರವಸ್ತ್ರಕ್ಕೆ ಒರೆಸುತ್ತಾರೆ, ನೀಲಿ ಹೋಗುವುದಿಲ್ಲ. ಆಮೇಲೆ ಅದೇ ಕೈಯಲ್ಲಿ ಪೆನ್ನು ಹಿಡಿದು ಲಾಟಿನ ಕಡತದ ಮೇಲೆ 'ತಿರಸ್ಕೃತ' ಎಂದು ಬರೆದು ಸಹಿ ಹಾಕುತ್ತಾರೆ. ಭೇಷ್! ನಾನು ಚಪ್ಪಾಳೆ ತಟ್ಟಿಯೇಬಿಡುತ್ತೇನೆ. "ಶ್! ಎಂಬತ್ತನೇದು ಇನ್ನೂ ಬಾಕಿ ಇದೆ" ಎಂದು ಅಕ್ಕ ಮತ್ತೆ ಗದರುತ್ತಾರೆ.

ಮೊದಲ ಸ್ಥಾನ ಕೈತಪ್ಪಿತಲ್ಲ, ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಗ್ದೆ ಇರುತ್ತಾ! ಆದ್ರೆ ಮುಂದಿನ ವರ್ಷ ಆ ಪಟ್ಟೀಲಿ ಒಂದೇ ಒಂದು ಸಾಲು ಸೇರಿಸ್ಲಿ, ಕೆಟ್ಟ ಮಾಲು ಎಷ್ಟು ವಾಪಸ್ ಕಳಿಸಿದ್ರಿ ಅಂತ. ಆಗ ನೋಡಿ, ನಮ್ಮನ್ನ ಹಿಡಿಯೋರೇ ಇಲ್ಲ!"