ಹೊಸ ವರ್ಷದ ಸಾಕ್ಷಿ

ಸುಳ್ಳು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ ಎಂದು ಸನತ್‌ನಗರದ ನಮ್ಮ ಕನ್ನಡ ಚರ್ಚಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹೆಸರು ನನಗೆ ಇಷ್ಟವೂ ಆಗಿತ್ತು.

ಹೈದರಾಬಾದಿನಲ್ಲಿ ಯಾರ ಬಾಯಲ್ಲಿ ನೋಡಿದರೂ ಸಾಫ್ಟ್‌ವೇರ್ ಎಂಬ ಮಾತೇ ಇದ್ದ ಕಾಲ. ಊರಲ್ಲಿದ್ದ ನನ್ನ ತಂಗಿಯ ಮಗಳು ಡಿಗ್ರಿ ಮುಗಿಸಿ ನಮ್ಮ ಮನೆಯಲ್ಲಿದ್ದುಕೊಂಡು ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡುತ್ತಿದ್ದಳು. ಬೇಸಿಗೆಯೊಳಗೆ ಕೆಲಸ ಸಿಗದಿದ್ದರೆ ಅವಳಪ್ಪ ವಾಪಸ್ ಕರೆಸಿ ಮದುವೆ ಮಾಡುವವನಿದ್ದ, ಗಂಡೂ ಗೊತ್ತಾಗಿತ್ತು. ನಾನು ಜೀಡಿಮೆಟ್ಲಾದಲ್ಲಿ ವಾಲ್ವ್ ತಯಾರಿಸುವ ಸಣ್ಣದೊಂದು ಕಾರ್ಖಾನೆಯಲ್ಲಿ ಟೈಪಿಸ್ಟ್. ಆಫೀಸಿನ ಫೋನ್ ಎತ್ತುವುದೂ ನನ್ನ ಕೆಲಸವೇ.

ಒಂದು ಭಾನುವಾರ, ಆಗಷ್ಟೇ ಓದು ಮುಗಿಸಿ ಬಂದಿದ್ದ ನಮ್ಮ ಸಭಾಪಾಲಕ ಅಯ್ಯನವರು ಆಧುನಿಕೋತ್ತರ ಚಿಂತನೆಯ ಬಗ್ಗೆ ಪ್ರಸಂಗ ಮಾಡಿದರು. ಆ ಹೆಸರು ಕೇಳಿಯೇ ಅರ್ಧ ಸಭೆ ಆಕಳಿಸಿತು. ಅವರು ಬಿಡಿಸಿ ಹೇಳಿದಾಗ ಮಾತ್ರ ನನಗೆ ಬಲು ಖುಷಿಯಾಯಿತು.

"ಎಲ್ಲಾರಿಗೂ ಸೇರಿ ಒಂದ ಸತ್ಯ ಅನ್ನೂದು ಇಲ್ಲ, ನಿನಗ ನಿಂದು, ನನಗ ನಂದು ಅಂತೈತಿ ಈಗಿನ ಕಾಲ," ಎಂದರು. "ಆದ್ರ ಸತ್ಯ ನಾವು ಕಟ್ಟಿದ ಮಾತಲ್ಲ. ಅದು ಮನುಷ್ಯನಾಗಿ ನಮ್ಮ ನಡುವ ಬಂತು ಅಂತ ನಂಬಿದವರು ನಾವು."

ಹೌದೌದು ಎಂದು ತಲೆಯಾಡಿಸುತ್ತ, ಕೇಳಿಸಿಕೋ ಎನ್ನುವಂತೆ ಪಕ್ಕದಲ್ಲಿದ್ದ ತಂಗಿಯ ಮಗಳ ಮೊಣಕೈ ತಿವಿದೆ. ಮುಂದೆ ಅವರು ಇನ್ನೂ ಏನೇನೋ ಹೇಳಿದರು. ಅಷ್ಟರಲ್ಲಿ ನನ್ನ ಮನಸ್ಸು ಮನೆಯಲ್ಲಿ ನೆನೆಯಿಟ್ಟಿದ್ದ ಕಡಲೆಬೇಳೆಯ ಕಡೆ ಹೋಗಿತ್ತು.

ಅದೇ ವಾರ ಹುಡುಗಿ ತನ್ನ ರೆಸ್ಯೂಮೆ ತಂದು ನನ್ನ ಕೈಗಿಟ್ಟಳು. ಓದಿದೆ. ನಮ್ಮ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಎರಡು ವರ್ಷದ ಅನುಭವ! ನಮ್ಮಲ್ಲಿದ್ದದ್ದು ಒಂದೇ ಕಂಪ್ಯೂಟರ್, ಅದಕ್ಕೂ ನಾನೇ ಮುಸುಕು ಹೊದಿಸಿ ಬರುತ್ತಿದ್ದೆ. ವಿಚಾರಿಸಬೇಕಾದ ಮ್ಯಾನೇಜರ್ ಎಂಬಲ್ಲಿ ನನ್ನ ಹೆಸರಿತ್ತು.

"ಯಾವಾಗವ್ವಾ ನನಗ ಪ್ರಮೋಷನ್ ಆತು?" ಎಂದೆ.

"ಎಲ್ಲಾರೂ ಹಿಂಗ ಹಾಕ್ತಾರ್ರಿ ದೊಡ್ಡವ್ವ. ಅನುಭವ ಇಲ್ಲಂದ್ರ ಕಂಪನಿಯವರು ಒಳಗ ಬಿಡಂಗಿಲ್ಲ. ಒಳಗ ಬಿಡಲಿಲ್ಲಂದ್ರ ಅನುಭವ ಎಲ್ಲಿಂದ ಬರ್ತೈತಿ? ಇಂಟರ್‌ವ್ಯೂ ಖರೇನ ಪಾಸಾಗೀನಿ. ನಾಳೆ ನಿಮ್ಮ ಆಫೀಸಿಗೆ ಫೋನ್ ಮಾಡಿ ಕೇಳ್ತಾರ. ಹೌದು, ನಮ್ಮಲ್ಲೇ ಇದ್ಲು ಅನ್ರಿ, ಸಾಕು."

ನನಗೆ ಎಲ್ಲಿತ್ತೋ ಸಿಟ್ಟು. ಪ್ರಾರ್ಥನೆ ಮಾಡುವ ಮನೆಯಲ್ಲಿದ್ದುಕೊಂಡು ಸುಳ್ಳು ಕಾಗದ ಹುಟ್ಟಿಸುತ್ತೀಯಾ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಅಳಲಿಲ್ಲ.

"ಹೊಸ ವರ್ಷದ ಆರಾಧನಿಯೊಳಗ ಎದ್ದು ನಿಂತು ಸಾಕ್ಷಿ ಹೇಳ್ತೀರಲ್ಲ ದೊಡ್ಡವ್ವ," ಎಂದಳು. "ಅದ್ರಾಗ ನಮ್ಮವ್ವ ಎಲ್ಲಿ ಅದಾಳ್ರಿ?"

ದೇವರು ತಮಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ಹೇಳುವುದು ನಮ್ಮಲ್ಲಿ ರೂಢಿ. ಅದಕ್ಕೆ ಸಾಕ್ಷಿ ಎನ್ನುತ್ತೇವೆ. ಹರೆಯದಲ್ಲಿ ನನಗೆ ವಿಷಮಜ್ವರ ಬಂದು, ಆಸ್ಪತ್ರೆಯಲ್ಲಿ ಡಾಕ್ಟರರೇ ಕೈಬಿಟ್ಟು, ಹತ್ತಿರ ಯಾರೂ ಇಲ್ಲದಾಗ ದೇವರೊಬ್ಬನೇ ನನ್ನನ್ನು ಎತ್ತಿ ಕೂರಿಸಿದ ಎಂಬುದು ನನ್ನ ಸಾಕ್ಷಿ. ಆದರೆ ಹತ್ತಿರ ತಂಗಿ ಇದ್ದಳು. ಹಗಲೂ ರಾತ್ರಿ ಗಂಜಿ ಕುಡಿಸಿ, ಮೈ ಒರೆಸಿ ನನ್ನನ್ನು ಕಾದವಳು ಅವಳೇ. ಆ ದಿನಗಳಲ್ಲೇ ಅವಳ ಹತ್ತನೆಯ ತರಗತಿಯ ಪರೀಕ್ಷೆ ಬಂದು ಹೋಯಿತು, ಅವಳು ಬರೆಯಲಿಲ್ಲ. ಮರುವರ್ಷ ಮದುವೆ ಮಾಡಿಬಿಟ್ಟರು.

ಮೊದಲ ಸಲ ಸಾಕ್ಷಿ ಹೇಳಿದಾಗ ತಂಗಿಯ ಮಾತೂ ಇತ್ತು, ದೇವರಾಣೆಗೂ ಇತ್ತು. ಆಮೇಲೆ ನಾನೊಂದು ಗಮನಿಸಿದೆ: ಯಾರೂ ಇರಲಿಲ್ಲ ಎಂದಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ವರ್ಷಕ್ಕಿಷ್ಟು ಎಂಬಂತೆ ಅವಳು ನನ್ನ ಮಾತಿನಿಂದ ಆಚೆ ಸರಿದಳು.

"ಅಯ್ಯನವರು ಅವತ್ತ ಪ್ರಸಂಗದಾಗ ಇನ್ನೊಂದು ಹೇಳಿದ್ರು," ಹುಡುಗಿ ಬಿಡಲಿಲ್ಲ. "ದೊಡ್ಡ ಕಥಿ ಹೇಳೋರು ಯಾರನ್ನ ಬಿಟ್ಟು ಹೇಳ್ತಾರ ಅಂತ ಈ ಹೊಸ ಚಿಂತಕರು ಕೇಳ್ತಾರ, ಆ ಪ್ರಶ್ನೆಗೆ ವಿಶ್ವಾಸಿಗಳು ಹೆದರಬಾರದು ಅಂದ್ರು."

ನಾನು ಕಡಲೆಬೇಳೆಯ ಚಿಂತೆಯಲ್ಲಿದ್ದಾಗ ಹೇಳಿದ್ದಿರಬೇಕು.

ಮರುದಿನ ಹನ್ನೊಂದಕ್ಕೆ ಆಫೀಸಿಗೆ ಫೋನ್ ಬಂತು. ಹೌದು ಎಂಬ ಒಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತಾಯಿಯ ಓದು ನನ್ನಿಂದ ಹೋಯಿತು, ಮಗಳದ್ದಾದರೂ ಉಳಿಯಲಿ ಎಂದು ಜೀವ ಒದ್ದಾಡಿತು. ಆದರೂ, ಆಕೆ ಇಲ್ಲಿ ಕೆಲಸ ಮಾಡಿಲ್ಲ, ನಾನು ಮ್ಯಾನೇಜರೂ ಅಲ್ಲ ಎಂದೆ. ಹುಡುಗಿ ಜಾಣೆ ಎಂದು ಹೇಳುವಷ್ಟರಲ್ಲಿ ಆ ಕಡೆಯವರು ಥ್ಯಾಂಕ್ಯೂ ಎಂದು ಇಟ್ಟುಬಿಟ್ಟರು. ನಿಜ ಹೇಳಿದೆನೆಂಬ ಹೆಮ್ಮೆ ಅವತ್ತು ನನಗೆ ಒಂದಿಷ್ಟೂ ಆಗಲಿಲ್ಲ.

ಸಂಜೆ ಹುಡುಗಿಗೆ ಹೇಳಿದೆ. "ನಿಮ್ಮ ಸತ್ಯ ನೀವು ಉಳಿಸ್ಕೊಂಡ್ರಿ," ಎಂದು ಅವಳು ಒಳಗೆ ಹೋಗಿ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬತೊಡಗಿದಳು.

ನಾನು ಅಲ್ಲೇ ಕುಳಿತು ತಂಗಿಗೆ ಫೋನ್ ಹಚ್ಚಿದೆ. "ನಿನ್ನ ಮಗಳ ಕೆಲಸ ನಾನ ತಪ್ಪಿಸಿದೆ," ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವಳು, "ಅಕಿ ಸುಳ್ಳು ಬರೀಬಾರದಿತ್ತು ಬಿಡಕ್ಕ," ಎಂದಳು.

"ಅಕಿನ್ನ ನಾ ಊರಿಗೆ ಕಳಸಂಗಿಲ್ಲ. ಕೆಲಸ ಸಿಗೂತನಾ ಇಲ್ಲೇ ಇರ್ತಾಳ. ನಿನ್ನ ಗಂಡಗ ನಾನ ಹೇಳ್ತೀನಿ, ಏನ್ ಅಂತಾನೋ ಅನ್ಲಿ," ಎಂದೆ.

ಒಳಗೆ ಪೆಟ್ಟಿಗೆಯ ಸಪ್ಪಳ ನಿಂತಿತು. ಇನ್ನೊಂದು ಮಾತು ಉಳಿದಿತ್ತು. ಅದು ಸುಲಭವಾಗಿ ಬರಲಿಲ್ಲ.

"ದವಾಖಾನ್ಯಾಗ ನೀ ಇದ್ದಿ. ಯಾರೂ ಇರ್ಲಿಲ್ಲ ಅಂತ ಇಷ್ಟು ವರ್ಷ ಸಭಾದಾಗ ಹೇಳ್ಕೋತ ಬಂದೆ. ಭಾಳ ತಪ್ಪಾತು ತಂಗಿ."

ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಮೆಲ್ಲಗೆ ನಕ್ಕಳು.

"ಪ್ರತಿ ಹೊಸ ವರ್ಷಕ್ಕ ನಿಮ್ಮಲ್ಲಿಗೆ ಬಂದು ನಿನ್ನ ಬಾಜೂಕ ಕುಂತ ಕೇಳೀನಲ್ಲಕ್ಕ. ಕೇಳಿ ಕೇಳಿ, ನಾ ಅಲ್ಲಿ ಇದ್ನೋ ಇಲ್ಲೋ ಅಂತ ನನಗ ಸಂಶೆ ಬಂದಿತ್ತು. ಈಗ ನೀನ ಹೇಳಿದಿ ಅಂದ್ರ, ನಾ ಇದ್ದೆ ಬಿಡು."